ಚಿಲ್ಗೋಜದ ಕಣಿವೆಗೆ

ಕಾಲ್ಕಾ ನಿಲ್ದಾಣದಲ್ಲಿ ದೊಡ್ಡ ಗಾಡಿಯಿಂದಿಳಿದು ಗುಡ್ಡಗಾಡಿನ ಪುಟ್ಟ ಗಾಡಿಯನ್ನೇರುವ ಯಾತ್ರಿಕರಲ್ಲಿ ಬಹುಮಂದಿಯ ಮನಸ್ಸು ಆಗಲೇ ಸಿಮ್ಲೆಯನ್ನು ಸೇರಿಬಿಟ್ಟಿರುತ್ತದೆ. ದಾರಿಯ ಕಡೆಗೆ ಗಮನ ಕೊಡುವವರು ಮಕ್ಕಳು ಮಾತ್ರ. ಅವರೂ ಸುರಂಗಗಳನ್ನು ಎಣಿಸುವುದರಲ್ಲಿಯೇ ಮಗ್ನರು. 1903ರಲ್ಲಿ ಸಂಚಾರಕ್ಕೆ ತೆರೆದ ಈ ಮಾರ್ಗದ ಉದ್ದ 96 ಕಿಲೋಮೀಟರ್. ಸುರಂಗಗಳೋ ನೂರಕ್ಕೂ ಮಿಗಿಲು. ಎಣಿಕೆ ತಪ್ಪಿದ ಮಗು ಮುಖ ಸಣ್ಣದು ಮಾಡಿಕೊಂಡು ಕಿಟಕಿಯಿಂದಾಚೆ ನೋಡುವ ಹೊತ್ತಿಗೆ ಬಯಲುಸೀಮೆಯ ಮಾವು, ಬೇವು, ಶೀಶಮ್ ಮರಗಳೆಲ್ಲ ಕೆಳಗೆ ಉಳಿದು, ಇಳಿಜಾರಿನಲ್ಲಿ ಬೇರೊಂದು ಕುಲದ ಮರಗಳು ಸಾಲುಗಟ್ಟಿ ನಿಂತಿರುತ್ತವೆ. ನೆಟ್ಟನೆಯ ಕಾಂಡ, ಹಂಚುಹಂಚಾಗಿ ಬಿರಿದ ಕೆಂಗಂದು ತೊಗಟೆ, ಮೇಲೆ ಚಾಮರದಂತೆ ತೂಗುವ ಹಸಿರು, ಬುಡದ ಸುತ್ತ ಜಮಖಾನ ಹಾಸಿದಂತೆ ಒಣಗಿದ ಸೂಜಿ ಎಲೆ. ಇದು ಚೀಡ್ ಮರ. ಹಿಮಾಲಯದ ಸೂಜಿಕಾಡುಗಳ ಹೆಬ್ಬಾಗಿಲಿನಲ್ಲಿ ನಿಂತ ದ್ವಾರಪಾಲಕನೆಂದರೆ ಸಲ್ಲುತ್ತದೆ.

ಹೆಚ್ಚಿನವರ ಪ್ರವಾಸ ಸಿಮ್ಲೆಯಲ್ಲಿಯೇ ಮುಗಿಯುತ್ತದೆ. ಅಲ್ಲಿಂದಾಚೆಗೆ, 1850ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಕಡಿಯಲಾರಂಭಿಸಿದ ಹಳೆಯ ಹಿಂದೂಸ್ತಾನ-ಟಿಬೆಟ್ ದಾರಿಯ ದಿಕ್ಕನ್ನೇ ಹಿಡಿದು ಸಟ್ಲೆಜ್ ನದಿಯ ಜಾಡಿನಲ್ಲಿ ಕಿನ್ನೌರ್ ಸೀಮೆಗೆ ಹೋಗುವವರು ಕೆಲವರೇ. ಜಿಲ್ಲೆಯ ಮುಖ್ಯ ಊರಾದ ರೆಕಾಂಗ್ ಪಿಯೋ ಸಿಮ್ಲೆಯಿಂದ ಇನ್ನೂರು ಕಿಲೋಮೀಟರಿಗೂ ದೂರ. ಆದರೆ ಈ ಒಂದು ದಾರಿಯಲ್ಲಿ ಪಶ್ಚಿಮ ಹಿಮಾಲಯದ ಶಂಕುಧಾರಿ ವೃಕ್ಷಗಳೆಲ್ಲ, ಒಂದಾದ ಮೇಲೊಂದರಂತೆ, ಮೆಟ್ಟಿಲು ಮೆಟ್ಟಿಲಾಗಿ ಎದುರಾಗುತ್ತವೆ. ಬರೆದಿಟ್ಟ ಸಸ್ಯಶಾಸ್ತ್ರವನ್ನು ಓದಲು ಬೇಸರವಾದವರು ಇದನ್ನು ಬಸ್ಸಿನ ಕಿಟಕಿಯಿಂದಲೇ ಓದಬಹುದು.

ಈ ಮರಗಳ ಕುಲಲಕ್ಷಣ ಒಂದೇ: ಇವಕ್ಕೆ ಹೂವಿಲ್ಲ, ಹೂವಿಲ್ಲದ್ದರಿಂದ ಹಣ್ಣೂ ಇಲ್ಲ. ಮಾವಿನ ಬೀಜ ತನ್ನ ಗೊರಟೆಯೊಳಗೆ, ಗೊರಟೆ ತಿರುಳಿನೊಳಗೆ, ತಿರುಳು ಸಿಪ್ಪೆಯೊಳಗೆ ಅಡಗಿರುತ್ತದೆ. ತೊಗರಿಗೆ ಕಾಯಿಯ ಕೋಶ, ಭತ್ತಕ್ಕೆ ಹೊಟ್ಟು. ತಾಯಿಯ ಗರ್ಭದಲ್ಲಿ ಶಿಶುವಿದ್ದಂತೆ ಈ ಬೀಜಗಳೆಲ್ಲ ಅಂಡಾಶಯವೆಂಬ ಮುಚ್ಚಿದ ಮನೆಯಲ್ಲಿ ಬೆಳೆಯುತ್ತವೆ. ಚೀಡ್ ಮರದ ಬೀಜಕ್ಕೆ ಆ ಭಾಗ್ಯವಿಲ್ಲ. ಶಂಕುವಿನ ಒಂದೊಂದು ಹಲಗೆಯ ಮೇಲೆ, ಜಗಲಿಯ ಮೇಲೆ ಮಲಗಿಸಿದ ಕೂಸಿನಂತೆ, ಅದು ಬರಿಮೈಯಲ್ಲಿ ಬಿದ್ದಿರುತ್ತದೆ. ಆದ್ದರಿಂದಲೇ ಇವಕ್ಕೆ ಅನಾವೃತಬೀಜಿಗಳೆಂದೂ ನಗ್ನಬೀಜ ಸಸ್ಯಗಳೆಂದೂ ಹೆಸರು. ಈ ಭೇದವನ್ನು 1820ರ ದಶಕದಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಸ್ಪಷ್ಟವಾಗಿ ತೋರಿಸಿಕೊಟ್ಟವನು ರಾಬರ್ಟ್ ಬ್ರೌನ್. ನೀರಿನಲ್ಲಿ ತೇಲುವ ಕಣಗಳ ಕುಣಿತಕ್ಕೆ ಹೆಸರು ಕೊಟ್ಟವನೂ ಅವನೇ.

ಬೀಜವೆಂಬುದು ಭೂಮಿಯ ಮೇಲೆ ಮೂಡಿ ಮೂವತ್ತಾರು ಕೋಟಿ ವರ್ಷಗಳಿಗೂ ಮೇಲಾಯಿತು. ಹೂವು ಬಂದದ್ದು ಅದಕ್ಕೆ ಎಷ್ಟೋ ಕಾಲದ ಮೇಲೆ. ನಡುವಣ ಆ ಯುಗಗಳೆಲ್ಲ ನಗ್ನಬೀಜಗಳದೇ ರಾಜ್ಯ. ಈಗ ಹೂಬಿಡುವ ಸಸ್ಯಗಳು ಮೂರು ಲಕ್ಷದಷ್ಟಿದ್ದರೆ ಈ ಹಳೆಯ ಮನೆತನದಲ್ಲಿ ಉಳಿದಿರುವುವು ಸಾವಿರ ಚಿಲ್ಲರೆ ಜಾತಿಗಳು. ಅವುಗಳಲ್ಲಿ ಆರುನೂರಕ್ಕೂ ಹೆಚ್ಚಿನವು ಶಂಕುಧಾರಿಗಳು. ಮಿಕ್ಕವು, ತಾಳೆಯ ವೇಷ ಹಾಕಿರುವ ಸೈಕಾಸ್ ಬಳಗ, ಎಲೆಯಿಲ್ಲದ ಎಫೆಡ್ರಾ ಮತ್ತು ಬಳ್ಳಿಯಾಗಿ ಹಬ್ಬುವ ನೀಟಮ್ ಮುಂತಾದವುಗಳ ಇನ್ನೊಂದು ಬಳಗ, ಚೀನದ ಗಿಂಕ್ಗೊ ಎಂಬ ಒಂಟಿ ಮರ. 1896ರಲ್ಲಿ ಜಪಾನಿನ ಹಿರಾಸೆ ಮತ್ತು ಇಕೆನೊ ಎಂಬಿಬ್ಬರು ಗಿಂಕ್ಗೊ ಮತ್ತು ಸೈಕಾಸ್‌ಗಳಲ್ಲಿ ಈಜುವ ಪುರುಷಕೋಶಗಳನ್ನು ಕಂಡಾಗ ವಿದ್ವಾಂಸರು ಬೆರಗಾದರು. ಜಲವಾಸದ ನೆನಪನ್ನು ಈ ಮರಗಳು ಇನ್ನೂ ಬಿಟ್ಟಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಕನ್ನಡನಾಡಿಗೆ ಈ ಬಳಗ ತೀರ ಅಪರಿಚಿತವೇನಲ್ಲ. ಪಶ್ಚಿಮಘಟ್ಟದ ಕಾಡುಗಳಲ್ಲಿ ಸೈಕಾಸ್ ಇದೆ, ನೀಟಮ್ ಬಳ್ಳಿ ಇದೆ. ಆದರೆ ಇಡೀ ಘಟ್ಟಸಾಲಿಗೆ ಸ್ವಂತವಾದ ಶಂಕುಧಾರಿ ಎಂದರೆ ನಾಜಿಯಾ ಎಂಬ ಒಂದೇ ಒಂದು ಮರ; ಅದರ ಎಲೆಯೂ ಸೂಜಿಯಲ್ಲ, ಅಗಲ. ಕರಾವಳಿಯ ಮರಳಿನಲ್ಲಿ ಸುಂಯ್ಯೆನ್ನುವ ಗಾಳಿಮರವನ್ನು ಪೈನ್ ಎಂದು ತಿಳಿಯುವವರುಂಟು. ಅದು ಸೂಜಿಯಂತಹ ಕಡ್ಡಿಯನ್ನೂ ಪುಟ್ಟ ಶಂಕುವಿನಂತಹ ಕಾಯಿಯನ್ನೂ ತಳೆದು ಕಣ್ಣಿಗೆ ಮಣ್ಣೆರಚುತ್ತದೆಯೇ ಹೊರತು ವಾಸ್ತವವಾಗಿ ಹೂಬಿಡುವ ಸಸ್ಯ. ಲಾಲ್‌ಬಾಗಿನಲ್ಲಿ ಗೋಪುರದಂತೆ ನಿಂತಿರುವ ಅರಕೇರಿಯಾ ನಿಜವಾದ ಶಂಕುಧಾರಿಯೇ. ಆದರೆ ಅದು ಪೆಸಿಫಿಕ್ ಸಾಗರದ ದ್ವೀಪದಿಂದ ಬಂದ ಅತಿಥಿ. ಸೂಜಿಕಾಡನ್ನು ಕಾಡಾಗಿಯೇ ಕಾಣಬೇಕೆಂದರೆ ಹಿಮಾಲಯಕ್ಕೇ ಬರಬೇಕು.

ಚೀಡ್ ಮರದ ಎಲೆಯನ್ನು ಕಿತ್ತು ನೋಡಿದರೆ ಒಂದೊಂದು ಗೊಂಚಲಿನಲ್ಲಿ ಮೂರು ಸೂಜಿಗಳಿರುತ್ತವೆ. ಮೂರನ್ನೂ ಒತ್ತಿ ಹಿಡಿದರೆ ಅಂಚಿಗೆ ಅಂಚು ಕೂಡಿ ಒಂದೇ ದುಂಡು ಕಡ್ಡಿಯಾಗುತ್ತದೆ. ಒಂದು ಹೋಳಿಗೆಯನ್ನು ಮೂರು ಪಾಲು ಮಾಡಿದಂತೆ ಅವುಗಳ ರಚನೆ. ದಪ್ಪ ಮೇಣದ ಹೊದಿಕೆ, ಗುಳಿಯೊಳಗೆ ಹುದುಗಿದ ಪತ್ರರಂಧ್ರ, ಇವುಗಳಿಂದ ನೀರು ಸುಲಭವಾಗಿ ಆರಿಹೋಗದು. ಮರದೊಳಗಿನ ನೀರುನಾಳಗಳೂ ಹೂಮರಗಳ ಕೊಳವೆಗಳಂತೆ ಅಗಲವಲ್ಲ. ಕಿರಿದಾದ ಕೋಶಗಳು ಒಂದರಿಂದೊಂದಕ್ಕೆ ನೀರನ್ನು ಕೈದಾಟಿಸುತ್ತವೆ. ಇದರಿಂದ ವೇಗ ಕಡಮೆ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ನಾಳದೊಳಗೆ ಗಾಳಿಗುಳ್ಳೆ ಎದ್ದು ಹರಿವು ಕಡಿದುಹೋಗುವ ಭಯವೂ ಕಡಮೆ.

ವಸಂತದಲ್ಲಿ ಈ ಕಾಡಿನೊಳಗೆ ನಡೆದವರ ಬಟ್ಟೆಯೆಲ್ಲ ಹಳದಿ. ಗಂಡು ಶಂಕುಗಳು ಬಿರಿದು ಪರಾಗವನ್ನು ಗಾಳಿಗೆ ತೂರುವ ಕಾಲ ಅದು. ದುಂಬಿಗೆ ಮಧುವಿತ್ತು ಕೆಲಸ ಮಾಡಿಸಿಕೊಳ್ಳುವ ಚಾತುರ್ಯ ಈ ಮರಕ್ಕಿಲ್ಲ. ಕೋಟಿ ಚೆಲ್ಲಿ ಒಂದನ್ನು ಮುಟ್ಟಿಸುವುದು ಇದರ ರೀತಿ. ಪರಾಗದ ಕಣವೊಂದೊಂದಕ್ಕೂ ಎರಡೆರಡು ಗಾಳಿಚೀಲಗಳುಂಟು. ಎಳೆಯ ಹೆಣ್ಣು ಶಂಕುವಿನ ಹಲಗೆಗಳು ಆಗ ತುಸುವೇ ಬಾಯಿ ತೆರೆದಿರುತ್ತವೆ. ಒಳಗೆ ಅಂಡಕದ ತುದಿಯಲ್ಲಿ ಒಂದು ಅಂಟಿನ ಹನಿ ಮಿನುಗುತ್ತಿರುತ್ತದೆ. ಹಾರಿಬಂದ ಕಣ ಆ ಹನಿಗೆ ಸಿಕ್ಕಿ, ಹನಿ ಒಳಸರಿದಂತೆ ತಾನೂ ಒಳಸೇರುತ್ತದೆ. ಹಲಗೆಗಳು ಮುಚ್ಚಿಕೊಳ್ಳುತ್ತವೆ. ಮದುವೆ ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ, ನಿಶ್ಚಿತಾರ್ಥವಾಯಿತಷ್ಟೆ. ಪರಾಗದ ನಾಳ ಅಂಗುಲದ ಅಲ್ಪಭಾಗವನ್ನು ಕ್ರಮಿಸಿ ಅಂಡವನ್ನು ಮುಟ್ಟುವುದಕ್ಕೆ ಹೆಚ್ಚುಕಡಮೆ ಒಂದು ವರ್ಷ ಹಿಡಿಯುತ್ತದೆ. ಬೀಜ ಬಲಿತು ಶಂಕು ಒಣಗಿ ತೆರೆಯುವಾಗ ಎರಡನೆಯ ವರ್ಷವೂ ಕಳೆದಿರುತ್ತದೆ. ಆಗ ರೆಕ್ಕೆ ಹೊತ್ತ ಬೀಜ ಗಿರ್ರನೆ ತಿರುಗುತ್ತ ಇಳಿಜಾರಿನ ಕೆಳಗೆಲ್ಲೋ ಹೋಗಿ ಬೀಳುತ್ತದೆ.

ಚೀಡ್ ಮರದ ಮೈತುಂಬ ರಾಳ. ಕಾಂಡಕ್ಕೆ ಗೀರು ಹಾಕಿ, ಕೆಳಗೆ ಬಟ್ಟಲು ಕಟ್ಟಿ ಇಳಿಸುವ ಈ ರಾಳವನ್ನು ಬಟ್ಟಿಯಿಳಿಸಿದರೆ ಟರ್ಪೆಂಟೈನ್ ಹಾರಿಬರುತ್ತದೆ. ಹಿಂದುಳಿಯುವ ಗಟ್ಟಿ ಪದಾರ್ಥ ರೋಸಿನ್. ಕಚೇರಿಗೆ ಮುನ್ನ ಪಿಟೀಲು ವಿದ್ವಾಂಸರು ಕಮಾನಿಗೆ ತೀಡಿಕೊಳ್ಳುವ ಪುಟ್ಟ ಬಿಲ್ಲೆ ಇಂತಹ ಪೈನ್ ಮರಗಳ ಕಣ್ಣೀರೇ. ಆದರೆ ರಾಳವಿದ್ದಲ್ಲಿ ಬೆಂಕಿಯೂ ಉಂಟು. ಬೇಸಗೆಯಲ್ಲಿ ಒಣಸೂಜಿಗಳ ಹಾಸಿಗೆಗೆ ಒಂದು ಬೀಡಿಯ ಕಿಡಿ ಸಾಕು. ದಪ್ಪ ತೊಗಟೆಯ ಚೀಡ್ ಬದುಕಿಕೊಳ್ಳುತ್ತದೆ. ಅದರ ನೆರೆಯಲ್ಲಿ ಮೊಳೆತ ಓಕ್ ಸಸಿಗಳು ಬದುಕುವುದಿಲ್ಲ. ಹೀಗಾಗಿ ಬೆಂಕಿ ಹೆಚ್ಚಿದಷ್ಟೂ ಚೀಡಿನ ರಾಜ್ಯ ಬೆಳೆಯುತ್ತದೆ. ದನಕ್ಕೆ ಮೇವೂ ಬುಗ್ಗೆಗೆ ನೀರೂ ಓಕ್ ಕಾಡಿನಿಂದಲೇ ಎಂದು ನಂಬಿರುವ ಬೆಟ್ಟದ ಹೆಂಗಸರು ಚೀಡ್ ಮರವನ್ನು ಅಷ್ಟಾಗಿ ಆದರಿಸದಿದ್ದರೆ ಆಶ್ಚರ್ಯವಿಲ್ಲ.

ಸಿಮ್ಲೆ ಹತ್ತಿರವಾಗುತ್ತ ಬಂದಂತೆ ಗಾಳಿ ತಂಪಾಗಿ, ಚೀಡ್ ಹಿಂದೆ ಸರಿದು, ಕಾಡಿನ ಬಣ್ಣವೇ ಕಪ್ಪಾಗುತ್ತದೆ. ದೇವದಾರುವಿನ ರಾಜ್ಯ ಇಲ್ಲಿಂದ ಮೊದಲು. ಜಾಖೂ ಬೆಟ್ಟದ ನೆತ್ತಿಗೆ ಹೋಗುವವರು ಕೋತಿಗಳ ಭಯದಿಂದ ಕಣ್ಣನ್ನು ಕೆಳಗಿಟ್ಟೇ ನಡೆಯುತ್ತಾರೆ. ಕ್ಷಣಕಾಲ ನಿಂತು ಮೇಲೆ ನೋಡಿದರೆ ನೂರು, ನೂರೈವತ್ತು ಅಡಿ ಎತ್ತರಕ್ಕೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿದ ವೃಕ್ಷಗಳು. ಹಿಮ ಬಿದ್ದರೆ ಜಾರಿಹೋಗುವಂತೆ ತುದಿ ಬಾಗಿದ ರೆಂಬೆಗಳು. ಕಾಳಿದಾಸನ ರಘುವಂಶವನ್ನು ಬಲ್ಲವರಿಗೆ ಇಲ್ಲಿ ಎರಡನೆಯ ಸರ್ಗ ನೆನಪಾಗದಿರದು: ಆ ಕಾವ್ಯದಲ್ಲಿ ದೇವದಾರುವೊಂದು ಶಿವನ ದತ್ತುಪುತ್ರ, ಪಾರ್ವತಿ ನೀರೆರೆದು ಬೆಳೆಸಿದ ಕೂಸು, ಕಾಡಾನೆಯೊಂದು ಮೈಯುಜ್ಜಿ ಅದರ ತೊಗಟೆ ಸುಲಿದದ್ದಕ್ಕಾಗಿ ಕಾವಲಿಗೊಂದು ಸಿಂಹ. ಮರದ ತೊಗಟೆ ಸುಲಿಯಿತೆಂದು ತಾಯಿ ಮರುಗಿದಳೆಂದು ಬರೆಯಬಲ್ಲ ಕವಿ, ಆ ಮರವನ್ನು ಬಹು ಹತ್ತಿರದಿಂದ ನೋಡಿದ್ದವನಾಗಿರಬೇಕು.

ದೇವದಾರುವಿಗೆ ಮದುವೆಯ ಕಾಲ ವಸಂತವಲ್ಲ, ಶರತ್ತು. ಹೆಣ್ಣು ಶಂಕು ಪೀಪಾಯಿಯಂತೆ ಕೊಂಬೆಯ ಮೇಲೆ ನೆಟ್ಟಗೆ ಕುಳಿತಿರುತ್ತದೆ. ಮರುವರ್ಷ ಅದು ಬಲಿತಾಗ ಇಡಿಯಾಗಿ ಉದುರುವುದಿಲ್ಲ. ಮರದ ಮೇಲೆಯೇ ಹಲಗೆ ಹಲಗೆಯಾಗಿ ಬಿಚ್ಚಿಕೊಂಡು ಬೀಜಗಳೊಡನೆ ಗಾಳಿಗೆ ತೂರಿಹೋಗಿ, ಕೊನೆಗೆ ನಡುವಿನ ಕಡ್ಡಿಯೊಂದು ದೀಪ ಆರಿದ ಬತ್ತಿಯಂತೆ ನಿಂತಿರುತ್ತದೆ. ಆದ್ದರಿಂದಲೇ ದೇವದಾರುವಿನ ಬುಡದಲ್ಲಿ ಇಡೀ ಶಂಕುವನ್ನು ಹುಡುಕುವ ಮಕ್ಕಳಿಗೆ ನಿರಾಶೆ.

ಈ ಮರದ ತೈಲ ಹುಳುವನ್ನೂ ಕೊಳೆತವನ್ನೂ ದೂರವಿಡುತ್ತದೆ. ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಹಿಡಿಂಬಾ ದೇಗುಲ ಇಂದಿಗೂ ಮರದ ಮೈಯಲ್ಲೇ ನಿಂತಿದೆ. ಸಟ್ಲೆಜ್ ಕಣಿವೆಯ ಸರಾಹನದಲ್ಲಿರುವ ಭೀಮಾಕಾಳಿ ಗುಡಿಯ ಗೋಡೆಯಂತೂ ಒಂದು ಸಾಲು ಕಲ್ಲು, ಒಂದು ಸಾಲು ಮರದ ತೊಲೆ; ನೆಲ ನಡುಗಿದರೆ ಬಳುಕಿ ನಿಲ್ಲಲು ಬಲ್ಲ ಹಳೆಯ ಜಾಣ್ಮೆ. ಈ ಗುಣವೇ ದೇವದಾರುವಿಗೆ ಮುಳುವೂ ಆಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಉತ್ತರ ಹಿಂದೂಸ್ತಾನದಲ್ಲಿ ರೈಲುಹಳಿಗಳು ಹರಡಿದಾಗ, ಹಳಿಯಡಿಯ ದಿಮ್ಮಿಗಳಿಗಾಗಿ ಕಣಿವೆ ಕಣಿವೆಗಳಲ್ಲಿ ಕೊಡಲಿಯ ಸದ್ದು ಕೇಳಿತು. ಕಡಿದ ದಿಮ್ಮಿಗಳನ್ನು ನದಿಗೆ ನೂಕಿದರೆ ಬಯಲಿನಲ್ಲಿ ಎತ್ತಿಕೊಳ್ಳುವುದು ಸುಲಭ; ಸಟ್ಲೆಜ್, ಯಮುನೆ, ಭಾಗೀರಥಿಗಳೆಲ್ಲ ಕೂಲಿಯಿಲ್ಲದ ಸಾಗಣೆದಾರರಾದವು. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನನನ್ನು ಅರಣ್ಯಗಳ ಮೊದಲ ಮಹಾನಿರೀಕ್ಷಕನನ್ನಾಗಿ ಸರ್ಕಾರ ನೇಮಿಸಿದ್ದು ಮರದ ಮೇಲಿನ ಮಮತೆಯಿಂದಲ್ಲ. ದಿಮ್ಮಿ ಮುಗಿದುಹೋದೀತೆಂಬ ಭಯದಿಂದ. ಕಾರಣ ಏನಾದರಾಗಲಿ, ಉಳಿದದ್ದು ಉಳಿಯಿತು.

ಸಿಮ್ಲೆಯಿಂದ ಮುಂದೆ ನಾರ್ಕಂಡಾ. ಎತ್ತರ ಒಂಬತ್ತು ಸಾವಿರ ಅಡಿಯ ಆಸುಪಾಸು. ದಾರಿಯುದ್ದಕ್ಕೂ ದೇವದಾರುವಿನೊಡನೆ ಕೈಲ್ ಎಂಬ ನೀಲಿ ಪೈನ್ ಬೆರೆತಿರುತ್ತದೆ. ಇದರ ಗೊಂಚಲಿಗೆ ಐದು ಸೂಜಿ. ಶಂಕು ಬಾಳೆಯ ಮೂತಿಯಂತೆ ಉದ್ದಕ್ಕೆ ಜೋತಾಡುತ್ತದೆ. ನಾರ್ಕಂಡಾದ ಮೇಲಿನ ಹಾಟೂ ಶಿಖರಕ್ಕೆ ಏರುವಾಗ ಮತ್ತಿಬ್ಬರು ಜೊತೆಯಾಗುತ್ತಾರೆ: ರೈ ಎಂಬ ಸ್ಪ್ರೂಸ್, ತೋಶ್ ಎಂಬ ಫರ್. ಇಬ್ಬರೂ ಅಣ್ಣತಮ್ಮಂದಿರಂತೆ ಕಾಣುವುದರಿಂದ ಗುರುತು ಹಿಡಿಯಲು ಒಂದು ಉಪಾಯ ಸಾಕು. ಎಲೆಯನ್ನು ಬೆರಳಿನಲ್ಲಿ ಉರುಳಿಸಬೇಕು. ಉರುಳಿದರೆ ನಾಲ್ಕು ಮೂಲೆಯ ರೈ, ಉರುಳದಿದ್ದರೆ ಚಪ್ಪಟೆಯ ತೋಶ್. ರೈ ಮರದ ಶಂಕು ಕೆಳಕ್ಕೆ ತೂಗಿ ಇಡಿಯಾಗಿ ಬೀಳುತ್ತದೆ. ತೋಶ್ ಮರದ ನೇರಳೆ ಶಂಕು ದೇವದಾರುವಿನಂತೆ ಮೇಲ್ಮುಖವಾಗಿ ಕುಳಿತು, ಕೂತಲ್ಲಿಯೇ ಬಿಚ್ಚಿಹೋಗುತ್ತದೆ. ಕೆಳಗಿನ ಕೋಟ್‌ಗಢ ಸೀಮೆಯಲ್ಲಿ ಅಮೆರಿಕದಿಂದ ಬಂದು ನೆಲೆಸಿದ ಸತ್ಯಾನಂದ ಸ್ಟೋಕ್ಸ್ ಸೇಬಿನ ಕೃಷಿಯನ್ನು ಹರಡಿದ ಮೇಲೆ, ಬಹುಕಾಲ ಆ ಸೇಬುಗಳು ಬಯಲಿಗಿಳಿದದ್ದು ಈ ಮರಗಳ ಹಲಗೆಯ ಪೆಟ್ಟಿಗೆಗಳಲ್ಲೇ. ರಟ್ಟಿನ ಪೆಟ್ಟಿಗೆ ಬಳಕೆಗೆ ಬಂದದ್ದು ಕಾಡಿನ ಪುಣ್ಯ.

ಈ ಕಪ್ಪುಕಾಡಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ, ರಾಖಲ್ ಎಂಬ ಕುಳ್ಳು ಮರವೊಂದಿದೆ, ಇಂಗ್ಲಿಷಿನ ಯೂ. ಇದಕ್ಕೆ ಮರದ ಹಲಗೆಗಳ ಶಂಕುವೂ ಇಲ್ಲ. ಒಂಟಿ ಬೀಜದ ಸುತ್ತ ಕೆಂಪಗೆ, ಮೆತ್ತಗೆ, ಬಟ್ಟಲಿನಂತಹ ಒಂದು ಹೊದಿಕೆ. ತುದಿಯಲ್ಲಿ ಬೀಜ ಇಣುಕುತ್ತಿರುತ್ತದೆ. ಆ ಕೆಂಪು ತಿರುಳೊಂದನ್ನು ಬಿಟ್ಟರೆ ಎಲೆ, ತೊಗಟೆ, ಬೀಜ ಎಲ್ಲವೂ ವಿಷ. 1962ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಇದರ ಸೋದರ ಮರವೊಂದರ ತೊಗಟೆಯನ್ನು ಪರೀಕ್ಷೆಗೆಂದು ಸಂಗ್ರಹಿಸಿದರು. ಅದರಿಂದ ಟ್ಯಾಕ್ಸಾಲ್ ಎಂಬ ವಸ್ತುವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದ ತಂಡದ ಮುಖ್ಯರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿದ ಮನ್ಸುಖ್ ವಾಣಿ. 1992ರಲ್ಲಿ ಅದು ಅಂಡಾಶಯದ ಕ್ಯಾನ್ಸರಿಗೆ ಔಷಧವೆಂದು ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅನಂತರ ಹಿಮಾಲಯದ ರಾಖಲ್‌ಗೂ ಬೆಲೆ ಬಂತು. ಬೆಲೆಯೊಡನೆ ಕತ್ತಿಯೂ ಬಂತು. ನೆರಳಿನಲ್ಲಿ ನೂರಾರು ವರ್ಷ ಮೆಲ್ಲಮೆಲ್ಲನೆ ಬೆಳೆಯುವ ಮರವನ್ನು ಒಂದು ಮಧ್ಯಾಹ್ನದಲ್ಲಿ ಸುಲಿದು ಮುಗಿಸಬಹುದು. ಇಂದು ಅದು ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ.

ನಾರ್ಕಂಡಾದಿಂದ ದಾರಿ ಸಟ್ಲೆಜ್ ದಂಡೆಗೆ ಸುರುಳಿ ಸುರುಳಿಯಾಗಿ ಇಳಿದು, ರಾಮಪುರವನ್ನು ದಾಟಿ ಮತ್ತೆ ಏರತೊಡಗುತ್ತದೆ. ಋಗ್ವೇದದ ಶುತುದ್ರಿ ಇದೇ ನದಿ. ನೀರಿನ ಬಣ್ಣ ಸುಣ್ಣ ಕಲಸಿದ ಬೂದಿ, ಸದ್ದು ಅವ್ಯಾಹತ. ಬಂಡೆಯ ಪಕ್ಕೆಯಲ್ಲಿ ಕೊರೆದ ರಸ್ತೆಯ ಮೇಲೆ ಬಸ್ಸು ಸಾಗುವಾಗ ಹೊರಗಡೆಯ ಆಸನದವರು ದೇವರ ಹೆಸರು ಹೇಳಿಕೊಳ್ಳುವುದು ವಾಡಿಕೆ. ವಾಂಗ್ಟೂ ಎಂಬಲ್ಲಿ ಸೇತುವೆ ದಾಟಿ ಮುಂದುವರಿದಂತೆ ಕಣಿವೆಯ ಚಹರೆ ಬದಲಾಗುತ್ತದೆ. ಮಳೆಗಾಲದ ಮೋಡಗಳನ್ನು ದಕ್ಷಿಣದ ಬೆಟ್ಟಗಳೇ ಹಿಂಡಿಕೊಂಡುಬಿಡುವುದರಿಂದ ಅಲ್ಲಿಂದಾಚೆಗೆ ಹನಿಮಳೆ, ಚಳಿಗಾಲದ ಹಿಮ, ಒಣಗಾಳಿ. ಹುಲ್ಲು ವಿರಳವಾಗಿ ಬಂಡೆಯ ಎಲುಬು ಕಾಣುತ್ತದೆ. ಬೇರೆ ಯಾವ ಮರವೂ ಒಲ್ಲೆನೆನ್ನುವ ಆ ಬಂಡೆಯ ಬಿರುಕಿನಲ್ಲಿ, ಬೂದುಬಣ್ಣದ, ಕೊಂಬೆಗಳನ್ನು ಸೊಟ್ಟಸೊಟ್ಟಗೆ ಎತ್ತಿಹಿಡಿದ ಪೈನ್ ಒಂದು ಪ್ರತ್ಯಕ್ಷವಾಗುತ್ತದೆ. ಇದೇ ಚಿಲ್ಗೋಜ, ಇಲ್ಲಿಯವರ ಮಾತಿನಲ್ಲಿ ನ್ಯೋಜ.

ಭಾರತದಲ್ಲಿ ಈ ಮರ ಮುಖ್ಯವಾಗಿ ಇರುವುದು ಕಿನ್ನೌರಿನಲ್ಲಿ ಮತ್ತು ಚಂಬಾ ಜಿಲ್ಲೆಯ ಪಾಂಗಿ ಕಣಿವೆಯಲ್ಲಿ. ಗಡಿಯಾಚೆ ಪಾಕಿಸ್ತಾನ, ಅಫಘಾನಿಸ್ತಾನಗಳ ಒಣಬೆಟ್ಟಗಳಲ್ಲಿ ಉಂಟು. ಅದರ ಶಾಸ್ತ್ರೀಯ ನಾಮದಲ್ಲಿ ಪ್ಯಾಟ್ರಿಕ್ ಜೆರಾರ್ಡ್ ಎಂಬ ಸೇನಾಧಿಕಾರಿಯ ಹೆಸರು ಸೇರಿದೆ. ಜೆರಾರ್ಡ್ ಸಹೋದರರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ದುರ್ಗಮ ಸೀಮೆಯನ್ನು ಅಲೆದು ಅಳೆದವರು. ಚಿಲ್ಗೋಜದ ಚೆಲುವೆಲ್ಲ ಅದರ ತೊಗಟೆಯಲ್ಲಿದೆ. ತೆಳುವಾದ ಪದರಗಳು ಉದುರಿದಂತೆ ಒಳಗಿನ ಬೆಳ್ಳಿ, ಹಸಿರು, ತಿಳಿಗೆಂಪು ಬಣ್ಣಗಳು ಮಚ್ಚೆ ಮಚ್ಚೆಯಾಗಿ ಹೊಳೆಯುತ್ತವೆ. ಕಲ್ಪಾ ಊರಿನ ಅಂಗಳದಲ್ಲಿ ನಿಂತು, ಎದುರಿಗೆ ಇಪ್ಪತ್ತು ಸಾವಿರ ಅಡಿ ಮೀರಿದ ಕಿನ್ನರ ಕೈಲಾಸದ ಶಿಖರಗಳನ್ನು ಇಂತಹ ಕೊಂಬೆಗಳ ನಡುವಿನಿಂದ ನೋಡಿದವರು ಛಾಯಾಚಿತ್ರಗಳನ್ನು ಹೆಚ್ಚಾಗಿ ನಂಬಲಾರರು.

ಉಳಿದ ಪೈನ್‌ಗಳ ಬೀಜ ಹಗುರ, ರೆಕ್ಕೆ ಅಗಲ. ಚಿಲ್ಗೋಜದ ಬೀಜ ಹೆಚ್ಚುಕಡಮೆ ಒಂದು ಅಂಗುಲ ಉದ್ದ, ತೆಳುಕಂದು ಸಿಪ್ಪೆಯ ಕೊಳವೆ; ರೆಕ್ಕೆ ಹೆಸರಿಗೆ ಮಾತ್ರ. ಗಾಳಿ ಇದನ್ನು ಒಯ್ಯಲಾರದು. ಬಂಡೆಯ ನಾಡಿನಲ್ಲಿ ಮೊಳೆಯುವ ಸಸಿಗೆ ಬುತ್ತಿ ಹೆಚ್ಚು ಬೇಕೆಂದು ಮರ ರೆಕ್ಕೆಯ ಆಸೆ ಬಿಟ್ಟು ಬುತ್ತಿಯನ್ನೇ ದೊಡ್ಡದು ಮಾಡಿದಂತಿದೆ. ಆ ಬುತ್ತಿಯ ಕಥೆಯೂ ಸೋಜಿಗದ್ದೇ. ತೆಂಗಿನ ತಿರುಳು, ಅಕ್ಕಿಯ ಹಿಟ್ಟು ಇವೆಲ್ಲ ಗಂಡುಹೆಣ್ಣಿನ ಕೂಟವಾದ ಮೇಲೆ ಹುಟ್ಟುವ ಅಂಗಾಂಶ. ನಗ್ನಬೀಜಗಳಲ್ಲಿ ಹಾಗಲ್ಲ, ಕೂಸು ಹುಟ್ಟುವುದೋ ಇಲ್ಲವೋ ತಿಳಿಯುವ ಮೊದಲೇ ತಾಯಿಯ ಕಡೆಯಿಂದ ತಿರುಳಿನ ಪಾತ್ರೆ ಸಿದ್ಧವಾಗಿರುತ್ತದೆ. ಚಿಲ್ಗೋಜವನ್ನು ಸುಲಿದು ಬಾಯಿಗೆ ಹಾಕಿಕೊಳ್ಳುವವರು ತಿನ್ನುವುದು ಆ ತಾಯಿಬುತ್ತಿಯನ್ನು. ಎಣ್ಣೆಯ ಜಿಡ್ಡು, ತುಸು ಸಿಹಿ, ಹಿಂದೆಯೇ ರಾಳದ ಸಣ್ಣ ಪರಿಮಳ. ಗೋಡಂಬಿಯನ್ನು ಮೆಚ್ಚುವ ನಾಲಗೆಗೆ ಇದೂ ಒಗ್ಗುತ್ತದೆ.

ರೆಕ್ಕೆಯಿಲ್ಲದ ಬೀಜವನ್ನು ಬಿತ್ತುವವರು ಯಾರು? ನಟ್‌ಕ್ರ್ಯಾಕರ್ ಎಂಬ, ಕಾಗೆಯ ಬಳಗದ ಹಕ್ಕಿ ಮತ್ತು ಇಲಿಯ ಜಾತಿಯ ಪ್ರಾಣಿಗಳು. ಚಳಿಗಾಲಕ್ಕೆಂದು ಬೀಜಗಳನ್ನು ಮಣ್ಣಿನಲ್ಲಿ ಹುಗಿದಿಡುತ್ತವೆ, ಮರೆತವು ಮೊಳೆಯುತ್ತವೆ. ಮರೆವೇ ಇಲ್ಲಿ ಬಿತ್ತನೆ. ಆದರೆ ಈ ಕಣಿವೆಯಲ್ಲಿ ಹಕ್ಕಿಗಿಂತ ಮೊದಲು ಮರವೇರುವ ಮತ್ತೊಬ್ಬನಿದ್ದಾನೆ.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕಿನ್ನೌರಿನ ಹಳ್ಳಿಗಳಲ್ಲಿ ಮನೆ ಕಾಯುವ ಮುದುಕರ ಹೊರತು ಉಳಿದವರು ಕಾಡಿನಲ್ಲಿರುತ್ತಾರೆ. ಹಿಮ ಬೀಳುವುದರೊಳಗೆ ಎಲ್ಲ ಕೆಲಸ ಮುಗಿಯಬೇಕಾದ ನಾಡು ಇದು. 1951ರಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ, ಹಿಮಕ್ಕೆ ಹೆದರಿ ಇಲ್ಲಿ ಅಕ್ಟೋಬರಿನಲ್ಲಿಯೇ ಮತದಾನ ಮಾಡಿಸಬೇಕಾಯಿತು. ಕಲ್ಪಾದ ಶಾಲಾ ಉಪಾಧ್ಯಾಯ ಶ್ಯಾಮ್ ಸರನ್ ನೇಗಿಯವರು ಸ್ವತಂತ್ರ ಭಾರತದ ಮೊದಲ ಮತದಾರರೆನಿಸಿ 2022ರವರೆಗೆ ಬದುಕಿದ್ದರು. ಚಿಲ್ಗೋಜದ ಕೊಯ್ಲಿಗೂ ಅದೇ ಅವಸರ. ಶಂಕು ಮರದ ಮೇಲೆ ಬಾಯಿ ತೆರೆದರೆ ಬೀಜ ಕಲ್ಲುಗಳ ಸಂದಿಗೆ ಬಿದ್ದು ಕೈತಪ್ಪುತ್ತದೆ. ಆದ್ದರಿಂದ ಹಸಿರಾಗಿರುವಾಗಲೇ ಕೀಳಬೇಕು. ಗಂಡಸರು ಮರವೇರಿ ಕೊಕ್ಕೆಯ ಗಳುವಿನಿಂದ ಎಳೆಯುತ್ತಾರೆ; ಕೈಗೆ ನಿಲುಕದಲ್ಲಿ ಕೊಡಲಿಯಿಂದ ಕೊಂಬೆಯನ್ನೇ ಕಡಿಯುವುದೂ ಉಂಟು. ಕೆಳಗೆ ಪ್ರಪಾತ, ಕೈಗೆಲ್ಲ ಅಂಟಿನ ರಾಳ. ಹೆಂಗಸರು ಶಂಕುಗಳನ್ನು ಬುಟ್ಟಿಗಳಲ್ಲಿ ಹೊತ್ತು ತಂದು ರಾಶಿ ಹಾಕುತ್ತಾರೆ. ಬಿಸಿಲಿಗೆ ಹಲಗೆಗಳು ಬಿರಿದಾಗ ಬಡಿದು ಬೀಜ ಬೇರ್ಪಡಿಸುತ್ತಾರೆ. ಮದುವೆಮುಂಜಿಗಳಲ್ಲಿ ಬಂದ ನಂಟರಿಗೆ ಹಾಕುವ ಮಾಲೆಯೂ ಇಲ್ಲಿ ಹೂವಿನದಲ್ಲ, ದಾರಕ್ಕೆ ಪೋಣಿಸಿದ ಚಿಲ್ಗೋಜದ್ದು. ಹೂಬಿಡದ ಮರದ ನಾಡಿಗೆ ಇದಕ್ಕಿಂತ ಉಚಿತವಾದ ಹಾರ ಯಾವುದಿದ್ದೀತು!

ಮಾಲೆಗಾಗಿ ಕೀಳುವ ಬೀಜ ಕಡಮೆ. ಮಾರುಕಟ್ಟೆಗೆ ಹೋಗುವುದೇ ಹೆಚ್ಚು. ದೊಡ್ಡ ನಗರಗಳ ಅಂಗಡಿಗಳಲ್ಲಿ ಕಿಲೋ ಒಂದಕ್ಕೆ ಸಾವಿರ ರೂಪಾಯಿಗೂ ಮಿಗಿಲಾದ ಬೆಲೆ. ಹೊಲವೆಂದರೆ ಮೆಟ್ಟಿಲಿನಷ್ಟು ಅಗಲದ ಪಟ್ಟಿಯಿರುವ ನಾಡಿನಲ್ಲಿ ಮಗನ ಓದು, ಮಗಳ ಮದುವೆ ಎಷ್ಟೋ ಮನೆಗಳಲ್ಲಿ ಈ ಕಾಡಿನ ಕಾಳಿನಿಂದಲೇ ನಡೆಯಬೇಕು. ಕೊಯ್ಲಿನ ಹಕ್ಕು ತಲೆತಲಾಂತರದಿಂದ ಹಳ್ಳಿಗರದು. ಆದರೆ ಪರಿಣಾಮ ಕಾಡಿನ ನೆಲದ ಮೇಲೆ ಕಾಣುತ್ತದೆ. ಅನೇಕ ತೋಪುಗಳಲ್ಲಿ ಮುದಿಮರಗಳಿವೆ, ನಡುವಯಸ್ಸಿನವಿವೆ. ಮೊಳಕಾಲುದ್ದದ ಸಸಿ ಹುಡುಕಿದರೂ ಅಪರೂಪ. ಬೀಜ ಬಿದ್ದರಲ್ಲವೆ ಸಸಿ ಏಳುವುದು? ಬಿದ್ದ ಒಂದೆರಡನ್ನು ಇಲಿ ತಿನ್ನುತ್ತದೆ. ತಪ್ಪಿ ಮೊಳೆತದ್ದನ್ನು ಮೇಕೆ ತಿನ್ನುತ್ತದೆ. ಕಡಿದ ಕೊಂಬೆಯಲ್ಲಿ ಇದ್ದದ್ದು ಈ ವರ್ಷದ ಶಂಕು ಮಾತ್ರವಲ್ಲ, ಮುಂದಿನ ವರ್ಷಕ್ಕೆಂದು ಆಗಲೇ ಬೆಳೆಯುತ್ತಿದ್ದ ಕಾಯಿಯೂ ಹೌದು. ಪೈನ್ ಮರದಲ್ಲಿ ಒಂದೇ ಕೊಂಬೆಗೆ ಎರಡು ವರ್ಷದ ಸಂತಾನ ಜೋತಾಡುತ್ತಿರುತ್ತದೆಂಬುದನ್ನು ಕೊಡಲಿ ಲೆಕ್ಕಿಸುವುದಿಲ್ಲ.

ಪ್ರತಿ ಮರದಲ್ಲಿಯೂ ಕೆಲವು ಶಂಕುಗಳನ್ನು ಬೀಜಕ್ಕೆ 'ಮೀಸಲು' ಬಿಡಬೇಕೆಂದು ಅರಣ್ಯಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮಾತು ಸರಿಯೇ. ಆದರೆ ಗುತ್ತಿಗೆ ಹಿಡಿದವನ ಆಳು ಬಿಟ್ಟದ್ದನ್ನು ನೆರೆಯ ಆಳು ಕೀಳುವನೆಂಬ ಶಂಕೆ ಇರುವವರೆಗೆ ಮೊದಲು ಕೈಬಿಡುವವರಾರು? ಹಳ್ಳಿಯೇ ಕೂಡಿ ಕಾಡನ್ನು ಮನೆಮನೆಗೆ ಹಂಚಿಕೊಂಡು, ತನ್ನ ಪಾಲಿನ ಮರಕ್ಕೆ ತಾನೇ ಹೊಣೆಯಾಗುವಲ್ಲಿ ಕೊಡಲಿ ತುಸು ಮೆತ್ತಗಾಗುವುದು ಸಹಜ. ಸಸಿಮಡಿಗಳಲ್ಲಿ ಚಿಲ್ಗೋಜವನ್ನು ಬೆಳೆಸುವ ಪ್ರಯತ್ನಗಳೂ ನಡೆದಿವೆ. ಆದರೆ ಈ ಮರಕ್ಕೆ ಅವಸರವೆಂಬುದೇ ತಿಳಿಯದು. ವರ್ಷಗಳು ಕಳೆದರೂ ಸಸಿ ಗೇಣುದ್ದ. ಶಂಕು ಬಿಡಲು ದಶಕಗಳು. ನೆಟ್ಟವನು ತಿನ್ನುವ ಬೆಳೆಯಲ್ಲ ಅದು. ಸೇಬಿನ ಗಿಡವಾದರೋ ಕೆಲವೇ ವರ್ಷಗಳಲ್ಲಿ ಹಣ ಕೊಡುತ್ತದೆ. ಕಣಿವೆಯಲ್ಲಿ ಸೇಬಿನ ತೋಟಗಳು ಏರುತ್ತಿರುವುದನ್ನು ಕಂಡು ಯಾತ್ರಿಕರು ಹಿಗ್ಗುತ್ತಾರೆ; ಅದರ ಪಕ್ಕದ ಬೋಳುಬಂಡೆಯ ಮೇಲೆ ಎಷ್ಟು ಚಿಲ್ಗೋಜ ಇರಬೇಕಿತ್ತೆಂದು ಯಾರೂ ಎಣಿಸುವುದಿಲ್ಲ.

ಕಣಿವೆಯ ತುದಿಯಲ್ಲಿ, ಹನ್ನೆರಡು ಸಾವಿರ ಅಡಿಯ ನಾಕೋ ಹಳ್ಳಿಯ ಕಡೆಗೆ ಏರಿದರೆ, ಚಿಲ್ಗೋಜವೂ ಹಿಂದುಳಿಯುತ್ತದೆ. ಅಲ್ಲಿರುವುದು ಹನ್ನೊಂದನೆಯ ಶತಮಾನದ ಬೌದ್ಧ ವಿಹಾರ, ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಜುನಿಪರ್. ಇದರ ಶಂಕುವಿನ ಹಲಗೆಗಳು ಕೂಡಿಕೊಂಡು ರಸವತ್ತಾದ ನೀಲಿ ಗುಂಡಾಗಿರುತ್ತವೆ. ನೋಡುವವರು ಹಣ್ಣೆಂದೇ ತಿಳಿಯುತ್ತಾರೆ. ವಿಹಾರಗಳಲ್ಲಿ ಬೆಳಗಾದರೆ ಇದರ ಟೊಂಗೆಯ ಧೂಪ. ಪರ್ವತದಾಚೆಯ ಲಾಹುಲ್ ಸೀಮೆಯ ಜುನಿಪರ್‌ಗಳ ವಾರ್ಷಿಕ ಉಂಗುರಗಳನ್ನು ಎಣಿಸಿ, ಲಖನೌ ನಗರದ ಬೀರಬಲ್ ಸಾಹನಿ ಸಂಸ್ಥೆಯ ವಿಜ್ಞಾನಿಗಳು 1584 ವರ್ಷಗಳ ಕಾಲಗಣನೆಯೊಂದನ್ನು 2006ರಲ್ಲಿ ಪ್ರಕಟಿಸಿದರು. ಕದಂಬರ ಕಾಲದಿಂದೀಚಿನ ಪ್ರತಿಯೊಂದು ಬರ, ಪ್ರತಿಯೊಂದು ಒಳ್ಳೆಯ ವರ್ಷ ಅಲ್ಲಿ ಗೆರೆಗಳಾಗಿ ಕುಳಿತಿವೆ. ಸಾಹನಿಯವರ ಹೆಸರು ಈ ಮರಗಳೊಡನೆ ಬರುವುದು ಯೋಗ್ಯವೇ ಸರಿ. ರಾಜಮಹಲ್ ಬೆಟ್ಟಗಳ ಕಲ್ಲಿನೊಳಗಿಂದ ಅಳಿದುಹೋದ ನಗ್ನಬೀಜ ಸಸ್ಯಗಳನ್ನು ಎಬ್ಬಿಸಿ ನಿಲ್ಲಿಸಿದವರು ಅವರು.

ಜುನಿಪರ್‌ನ ಬುಡದಲ್ಲಿ, ಕಲ್ಲುಗಳ ನಡುವೆ, ಪೊರಕೆಕಡ್ಡಿಯಂತಹ ಹಸಿರು ಪೊದೆಯೊಂದುಂಟು. ಎಲೆಯಿಲ್ಲ, ಗೆಣ್ಣುಗೆಣ್ಣಾದ ಕಡ್ಡಿಗಳೇ ಎಲೆಯ ಕೆಲಸ ಮಾಡುತ್ತವೆ. ಇದು ಎಫೆಡ್ರಾ, ಇದರ ಶಾಸ್ತ್ರೀಯ ನಾಮದಲ್ಲಿಯೂ ಜೆರಾರ್ಡನ ಹೆಸರಿದೆ. ವೇದಕಾಲದ ಸೋಮಲತೆ ಇದೇ ಎಂದು ವಾದಿಸುವ ಪಂಡಿತರಿದ್ದಾರೆ. ಅಲ್ಲವೆನ್ನುವವರೂ ಅಷ್ಟೇ ಮಂದಿ. ಸೋಮರಸದ ಮಾತು ಹಾಗಿರಲಿ, ಈ ಕುಲದ ಚೀನೀ ಗಿಡದಿಂದ ಎಫೆಡ್ರಿನ್ ಎಂಬ ಔಷಧವನ್ನು ಜಪಾನಿನ ನಾಗಾಯಿ 1885ರಲ್ಲಿ ಬೇರ್ಪಡಿಸಿದನೆಂಬುದರಲ್ಲಿ ವಾದವಿಲ್ಲ. ಉಬ್ಬಸದಿಂದ ಬಳಲಿದ ಎಷ್ಟೋ ಮಂದಿ ಅದರಿಂದ ಉಸಿರಾಡಿದರು. ಕುರುಬರ ಮೇಕೆಗಳು ಪೊದೆಯ ಕೆಂಪು ಗುಂಡುಗಳನ್ನು ಮೆಲ್ಲುತ್ತ ಮುಂದೆ ಸಾಗುತ್ತವೆ.

ಮರಳುವ ದಾರಿಯಲ್ಲಿ ನವೆಂಬರ್ ತಿಂಗಳಾಗಿದ್ದರೆ ರಾಮಪುರದಲ್ಲಿ ಲವೀ ಜಾತ್ರೆ ನೆರೆದಿರುತ್ತದೆ. ಬುಶಹರ್ ಸಂಸ್ಥಾನಕ್ಕೂ ಟಿಬೆಟ್ಟಿಗೂ ವ್ಯಾಪಾರ ನಡೆಯುತ್ತಿದ್ದ ಕಾಲದ ಸಂತೆ ಇದು. ಉಣ್ಣೆ, ಕುದುರೆ, ಒಣಗಿದ ಜರ್ದಾಳು. ಹಸಿರು ಪಟ್ಟಿಯ ಟೋಪಿ ತೊಟ್ಟ ಕಿನ್ನೌರಿಗರು. ಚಿಲ್ಗೋಜದ ಗೋಣಿಗಳು ಬಾಯಿ ತೆರೆದು ಸಾಲಾಗಿ ಕುಳಿತಿರುತ್ತವೆ. ಬಯಲಿನಿಂದ ಬಂದ ವರ್ತಕ ಒಂದು ಕಾಳನ್ನೆತ್ತಿ ಹಲ್ಲಿನಿಂದ ಕಟಕ್ಕನೆ ಒಡೆದು, ಈ ವರ್ಷದ್ದೋ ಹೋದ ವರ್ಷದ್ದೋ ಎಂದು ಕೇಳುತ್ತಾನೆ. ಮಾರುವ ಮುದುಕಿ ಉತ್ತರ ಹೇಳುವುದಿಲ್ಲ. ರಾಳದಿಂದ ಕಪ್ಪಾದ ತನ್ನ ಅಂಗೈಯನ್ನು ಬಿಡಿಸಿ ತೋರಿಸುತ್ತಾಳೆ. ಅವನು ತಕ್ಕಡಿ ಎತ್ತುತ್ತಾನೆ.